ಹದಿನಾರು ಮೊನೆಗಳ ಲೆಕ್ಕ

ಅರಸೀಕೆರೆಯ ಮಾರುಕಟ್ಟೆಯಲ್ಲಿ ಕೊಬ್ಬರಿ ಮೂಟೆಗಳು ಇಳಿಯುವ ಹೊತ್ತಿಗೆ ಈಶ್ವರ ದೇವಾಲಯದ ಹೊರಗೋಡೆಗೆ ಎಳೆಬಿಸಿಲು ತಾಗಿರುತ್ತದೆ. 1220ರ ಸುಮಾರಿನ ಈ ಹೊಯ್ಸಳ ಗುಡಿಯ ಗರ್ಭಗೃಹವನ್ನು ಹೊರಗಿನಿಂದ ಸುತ್ತುವವರಿಗೆ ನೇರವಾದ ಗೋಡೆ ಸಿಗುವುದೇ ಇಲ್ಲ. ಗೋಡೆ ಮೊನೆಯಾಗಿ ಮುಂದೆ ಚಾಚುತ್ತದೆ, ಒಳಕ್ಕೆ ಮುರಿಯುತ್ತದೆ, ಮತ್ತೆ ಚಾಚುತ್ತದೆ. ಬಿಸಿಲಿನ ಮುಖದ ಪಕ್ಕದಲ್ಲೇ ನೆರಳಿನ ಮುಖ. ಎಣಿಸುತ್ತಾ ಹೊರಟ ಮಕ್ಕಳು ಎರಡನೇ ಸುತ್ತಿಗೆ ಲೆಕ್ಕ ತಪ್ಪಿ ಜಗಳಕ್ಕೆ ನಿಲ್ಲುತ್ತಾರೆ. ಒಂದು ಬದಿಯಲ್ಲಿ ಮಂಟಪ ಕೂಡಿಕೊಂಡಿರುವುದರಿಂದ ಎಲ್ಲ ಮೊನೆಗಳೂ ಕಣ್ಣಿಗೆ ಬೀಳುವುದಿಲ್ಲ, ಬಿದ್ದವೂ ಎಲ್ಲ ಒಂದೇ ಬಗೆಯಲ್ಲಿ ಇಲ್ಲ. ಆದರೆ ಈ ತಳವಿನ್ಯಾಸ ಹದಿನಾರು ಮೊನೆಗಳ ನಕ್ಷತ್ರ ಎಂಬುದರಲ್ಲಿ ವಿದ್ವಾಂಸರಿಗೆ ಅನುಮಾನವಿಲ್ಲ.

ಹದಿನಾರೇ ಏಕೆ ಎಂಬ ಪ್ರಶ್ನೆಯಲ್ಲಿ ಶಾಲೆಯ ಬೀಜಗಣಿತದ ಒಂದು ಪಾಠ ಅಡಗಿದೆ. ಒಂದೇ ಆಧಾರವಿರುವ ಘಾತಗಳನ್ನು ಗುಣಿಸುವಾಗ ಘಾತಾಂಕಗಳನ್ನು ಕೂಡಿಸಬೇಕು ಎಂಬ ಸೂತ್ರವನ್ನು ಓದಿದವರೆಲ್ಲ ಒಮ್ಮೆ ಬಾಯಿಪಾಠ ಮಾಡಿರುತ್ತಾರೆ. 2³ × 2⁴ = 2⁷. ಗುಣಾಕಾರದ ಚಿಹ್ನೆ ಕಣ್ಣ ಮುಂದಿರುವಾಗ ಮೇಲಿನ ಪುಟ್ಟ ಅಂಕಿಗಳನ್ನು ಕೂಡಿಸುವುದೇಕೆ ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರು ಉತ್ತರ ಹುಡುಕಾಡುತ್ತಾರೆ. ಸೂತ್ರ ನೆನಪಿನಲ್ಲಿ ಉಳಿದಿರುತ್ತದೆ, ಕಾರಣ ಉಳಿದಿರುವುದಿಲ್ಲ. ಈ ಸೂತ್ರ ವಾಸ್ತವದಲ್ಲಿ ಬರೀ ಎಣಿಕೆ, ಎಣಿಕೆಯಾಗಿಯೇ ಅದನ್ನು ಕಲಿಸಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ಸಾಕ್ಷ್ಯ ಕನ್ನಡ ನಾಡಿನಲ್ಲಿ ಕಲ್ಲಿನಲ್ಲೂ ಇದೆ, ತಾಳೆಗರಿಯಲ್ಲೂ ಇದೆ.

ಹಗ್ಗ, ಗೂಟ ಮತ್ತು ಅರ್ಧ

ಮೊದಲು ನಕ್ಷತ್ರವನ್ನೇ ನೋಡೋಣ. ನೆಲದ ಮೇಲೆ ಒಂದು ಚೌಕ ಬರೆದು ಅದರ ನಡುವೆ ಗೂಟ ನೆಟ್ಟಿದ್ದೇವೆ ಎಂದಿಟ್ಟುಕೊಳ್ಳಿ. ಚೌಕಕ್ಕೆ ನಾಲ್ಕು ಮೂಲೆ. ಅದೇ ಅಳತೆಯ ಇನ್ನೊಂದು ಚೌಕವನ್ನು ಅದೇ ಗೂಟದ ಸುತ್ತ ಸ್ವಲ್ಪ ತಿರುಗಿಸಿ ಬರೆದರೆ ಎಂಟು ಮೊನೆ, ಹೀಗೆ ಒಟ್ಟು ನಾಲ್ಕು ಚೌಕಗಳನ್ನು ಸಮ ಅಂತರದಲ್ಲಿ ತಿರುಗಿಸಿದರೆ ಹದಿನಾರು ಮೊನೆ. ಒಂದೊಂದು ಸಲ ಎಷ್ಟು ತಿರುಗಿಸಬೇಕು? ಪೂರ್ತಿ ಸುತ್ತು 360 ಡಿಗ್ರಿ. ಅದನ್ನು ಅರ್ಧ ಮಾಡಿದರೆ 180, ಮತ್ತೊಮ್ಮೆ ಅರ್ಧ ಮಾಡಿದರೆ 90. ಚೌಕದ ಎರಡು ಮೂಲೆಗಳ ನಡುವಿನ ತೆರಪು ಅದು, ಎಂದರೆ ಎರಡು ಸಲ ಅರ್ಧಿಸಿದ್ದಾಯಿತು. ಈ ತೊಂಬತ್ತನ್ನು ನಾಲ್ಕು ಚೌಕಗಳಿಗೆ ಹಂಚಬೇಕಾದರೆ ಮತ್ತೆ ಎರಡು ಸಲ ಅರ್ಧಿಸಬೇಕು: 45, ಆಮೇಲೆ 22.5. ಮೊದಲಿನ ಎರಡು, ಆಮೇಲಿನ ಎರಡು, ಒಟ್ಟು ನಾಲ್ಕು ಸಲ ಅರ್ಧ. ಗಣಿತದ ಬರವಣಿಗೆಯಲ್ಲಿ ಇದೇ 2² × 2² = 2⁴. ನಾಲ್ಕು ಚೌಕ, ಚೌಕಕ್ಕೆ ನಾಲ್ಕು ಮೂಲೆ, ಹದಿನಾರು ಮೊನೆ. ಗುಣಿಸಿದ್ದು ಮೊನೆಗಳನ್ನು, ಕೂಡಿಸಿದ್ದು ಅರ್ಧಿಸಿದ ಸಲಗಳನ್ನು. ಮೇಲಿನ ಪುಟ್ಟ ಅಂಕಿ ಯಾವ ವಸ್ತುವಿನ ಲೆಕ್ಕವನ್ನೂ ಹೇಳುವುದಿಲ್ಲ, ಒಂದು ಕೆಲಸವನ್ನು ಎಷ್ಟು ಸಲ ಮಾಡಿದೆವು ಎಂಬುದನ್ನು ಹೇಳುತ್ತದೆ. ಸಲಗಳು ಯಾವತ್ತೂ ಕೂಡಿಕೊಳ್ಳುತ್ತವೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಅರಸೀಕೆರೆಯ ಸ್ಥಪತಿಗೆ ಘಾತಾಂಕ ಗೊತ್ತಿತ್ತೇ? ಹಾಗೆಂದು ಹೇಳುವುದಕ್ಕೆ ಆಧಾರವಿಲ್ಲ, ಈ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಕೋನವೊಂದನ್ನು ಅರ್ಧ ಮಾಡುವುದು ಹಗ್ಗ ಮತ್ತು ಗೂಟ ಇದ್ದವರಿಗೆ ಸುಲಭ. ಸಮನಾದ ಎರಡು ಕಂಸಗಳನ್ನು ಎಳೆದು ಅವು ಕೂಡುವಲ್ಲಿಗೆ ಗೆರೆ ಹಾಕಿದರೆ ಆಯಿತು. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಎಂಟು, ಹದಿನಾರು, ಮೂವತ್ತೆರಡು ತಾವಾಗಿಯೇ ಬರುತ್ತವೆ. ಲೆಕ್ಕಕ್ಕೆ ಹೆಸರಿಡದೆಯೂ ಕೈ ಅದನ್ನು ಮಾಡಬಲ್ಲದು. ಹೆಸರಿಟ್ಟು, ನಿಯಮವಾಗಿ ಬರೆದವರು ಬೇರೆಯವರು. ಅವರ ಬರಹವನ್ನು ತಾಳೆಗರಿಯಲ್ಲಿ ಕಾಪಾಡಿದ್ದು ಮಾತ್ರ ಇದೇ ನಾಡು.

ಬಸದಿಗಳ ಕಡೆಯಿಂದ ಬಂದ ನಿಯಮ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನನ ಆಸ್ಥಾನದಲ್ಲಿ ಜೈನರ ಪ್ರಭಾವ ದೊಡ್ಡದಿತ್ತು. ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದ ರಾಣಿ ಶಾಂತಲೆ ಜಿನಭಕ್ತೆ. ಸೇನಾಪತಿ ಗಂಗರಾಜನೂ ಜೈನ. ಅವನ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಹೊಯ್ಸಳೇಶ್ವರ ನೋಡಿ ಬಸ್ಸು ಹತ್ತುವವರಲ್ಲಿ ಕೆಲವರಷ್ಟೇ ಬಸ್ತಿಹಳ್ಳಿಯ ಕಡೆ ಹೋಗಿ ಅಲ್ಲಿನ ಮೂರು ಬಸದಿಗಳನ್ನೂ ಕನ್ನಡಿಯಂತೆ ಹೊಳೆಯುವ ಕಂಬಗಳನ್ನೂ ನೋಡುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರ ಸಂಖ್ಯೆಯಷ್ಟೇ ಅಲ್ಲ, ನೋಡುವ ಕುತೂಹಲವೂ ಹೆಚ್ಚಲಿ ಎಂದು ಆಶಿಸಬೇಕು. ಬಸದಿ ಕಟ್ಟಿಸಿದ ಇದೇ ಸಮಾಜ ಆಗಮಗ್ರಂಥಗಳ ಪ್ರತಿಗಳನ್ನೂ ಬರೆಸುತ್ತಿತ್ತು, ಆ ಗ್ರಂಥಗಳಲ್ಲಿ ಭಾರೀ ಗಾತ್ರದ ಗಣಿತವಿತ್ತು.

ಅವುಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಧವಲಾ. ಪುಷ್ಪದಂತ ಮತ್ತು ಭೂತಬಲಿಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಪ್ರಾಕೃತ ಮತ್ತು ಸಂಸ್ಕೃತ ಬೆರೆಸಿ ಬರೆದ ವ್ಯಾಖ್ಯಾನ ಇದು. ಕ್ರಿ.ಶ. 816ರಲ್ಲಿ ಮುಗಿಯಿತೆಂಬುದು ಅದನ್ನು ಸಂಪಾದಿಸಿದ ಹೀರಾಲಾಲ್ ಜೈನರ ನಿರ್ಣಯ. ವೀರಸೇನರ ಶಿಷ್ಯ ಜಿನಸೇನರು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 837ರಲ್ಲಿ ಜಯಧವಲಾ ಮುಗಿಸಿದರು. ಧವಲಾದ ಹಳೆಯ ತಾಳೆಗರಿ ಪ್ರತಿಗಳು ಉಳಿದು ಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ. ಅವು ಹೊಯ್ಸಳರ ಕಾಲದವು, ಲಿಪಿ ಹಳಗನ್ನಡದ್ದು. ಶತಮಾನಗಳ ಕಾಲ ದರ್ಶನಕ್ಕಷ್ಟೇ ಹೊರಬರುತ್ತಿದ್ದ ಆ ಗರಿಗಳ ಪಾಠ 1939ರಿಂದ ಹದಿನಾರು ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಎಂಥ ಗಣಿತವಿದೆ ಎಂಬುದನ್ನು ಗಣಿತ ಇತಿಹಾಸಕಾರ ಅವಧೇಶ ನಾರಾಯಣ ಸಿಂಗ್ ಆಗ ಲೋಕಕ್ಕೆ ತಿಳಿಸಿದರು.

ವೀರಸೇನರು ಬಳಸುವ ಒಂದು ಪದ ಅರ್ಧಚ್ಛೇದ. ಒಂದು ಸಂಖ್ಯೆಯನ್ನು ಒಂದು ಉಳಿಯುವ ತನಕ ಎಷ್ಟು ಸಲ ಅರ್ಧ ಮಾಡಬಹುದೋ ಅಷ್ಟು ಅದರ ಅರ್ಧಚ್ಛೇದ. ಎಂಟನ್ನು ಅರ್ಧಿಸಿದರೆ ನಾಲ್ಕು, ಎರಡು, ಒಂದು, ಅರ್ಧಚ್ಛೇದ ಮೂರು. ಹದಿನಾರಕ್ಕೆ ನಾಲ್ಕು. ಎರಡು ಸಂಖ್ಯೆಗಳನ್ನು ಗುಣಿಸಿದಾಗ ಬರುವ ಸಂಖ್ಯೆಯ ಅರ್ಧಚ್ಛೇದವು ಆ ಎರಡರ ಅರ್ಧಚ್ಛೇದಗಳ ಮೊತ್ತಕ್ಕೆ ಸಮ ಎಂಬ ನಿಯಮ ಧವಲಾದಲ್ಲಿದೆ. ಭಾಗಿಸಿದರೆ ಅವುಗಳ ವ್ಯತ್ಯಾಸಕ್ಕೆ ಸಮ ಎಂಬುದೂ ಇದೆ. ಎರಡರ ಬದಲು ಮೂರರಿಂದ, ನಾಲ್ಕರಿಂದ ಭಾಗಿಸುತ್ತಾ ಹೋಗುವ ಎಣಿಕೆಗಳಿಗೂ ಬೇರೆ ಬೇರೆ ಹೆಸರುಗಳಿವೆ. ಇಂದು ಶಾಲೆಯಲ್ಲಿ ಘಾತಾಂಕ ನಿಯಮ ಎಂದು ಕಲಿಯುವುದು ಇದನ್ನೇ. ಕಾಲೇಜಿಗೆ ಹೋದ ಮೇಲೆ ಲಾಗರಿದಂ ಎಂದು ಕಲಿಯುವುದೂ ಇದರದೇ ಇನ್ನೊಂದು ಮುಖ.

ಈ ನಿಯಮಕ್ಕೆ ಕಾರಣ ಕೊಡುವುದು ಎಷ್ಟು ಸುಲಭ ನೋಡಿ. 8 × 16 = 128. ಇದನ್ನು ಎಂಟು ಸಾಲುಗಳಲ್ಲಿ ಹದಿನಾರು ಹದಿನಾರು ಕಾಳು ಜೋಡಿಸಿದಂತೆ ಭಾವಿಸಿ. ಮೊದಲು ಸಾಲುಗಳನ್ನು ಅರ್ಧ ಮಾಡುತ್ತಾ ಹೋದರೆ ಮೂರು ಸಲಕ್ಕೆ ಒಂದೇ ಸಾಲು ಉಳಿಯುತ್ತದೆ. ಆಮೇಲೆ ಆ ಸಾಲಿನ ಹದಿನಾರನ್ನು ಅರ್ಧ ಮಾಡುತ್ತಾ ಹೋದರೆ ನಾಲ್ಕು ಸಲಕ್ಕೆ ಒಂದೇ ಕಾಳು. ಮೂರು ಸಲ ಮುಗಿದ ಮೇಲೆ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಲಿಲ್ಲ, ನಾಲ್ಕು, ಐದು, ಆರು, ಏಳು ಎಂದು ಮುಂದುವರಿಸಿದೆವು. ಎಣಿಕೆ ಮುಂದುವರಿಯುವುದಕ್ಕೇ ಸಂಕಲನ ಎಂದು ಹೆಸರು. 2³ × 2⁴ ಏಕೆ 2⁷ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ರುಜುವಾತು ಬೇಕಿಲ್ಲ. ನಾಲ್ಕನೇ ತರಗತಿಯ ಮಗುವೂ ಇದನ್ನು ಒಪ್ಪುತ್ತದೆ.

ಲೋಕದಲ್ಲಿ ಎಷ್ಟು ಮನುಷ್ಯರು?

ಜೈನರಿಗೆ ಇಷ್ಟು ದೊಡ್ಡ ಘಾತಗಳು ಏಕೆ ಬೇಕಾದವು ಎಂಬುದು ಸ್ವಾರಸ್ಯದ ಸಂಗತಿ. ಕಾಲ, ಲೋಕ, ಜೀವಗಳ ಸಂಖ್ಯೆ ಎಲ್ಲವನ್ನೂ ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ ನೋಡುವ ದರ್ಶನ ಅವರದು. ಮಾತಿನಲ್ಲಿ ಹೇಳಲಾಗದಷ್ಟು ದೊಡ್ಡ ಸಂಖ್ಯೆಗಳನ್ನು ನಿಖರವಾಗಿ ಹೇಳಲೇಬೇಕಾದ ಒತ್ತಾಯ ಅವರಿಗಿತ್ತು. ಅದಕ್ಕಾಗಿ ಎರಡನ್ನು ತೆಗೆದುಕೊಂಡು ವರ್ಗ ಮಾಡುತ್ತಾ ಹೋದರು. ಮೊದಲ ವರ್ಗ 4, ಎರಡನೆಯದು 16, ಮೂರನೆಯದು 256, ನಾಲ್ಕನೆಯದು 65,536. ಐದನೆಯದು 4,29,49,67,296. ಆರನೆಯದು ಇಪ್ಪತ್ತು ಅಂಕಿಗಳ ಸಂಖ್ಯೆ. ಪ್ರತಿ ಹೆಜ್ಜೆಯಲ್ಲೂ ಸಂಖ್ಯೆಯನ್ನು ಅದರಿಂದಲೇ ಗುಣಿಸುವುದರಿಂದ ಅರ್ಧಚ್ಛೇದ ಇಮ್ಮಡಿಯಾಗುತ್ತದೆ: 2, 4, 8, 16, 32, 64. ಎಂದರೆ ಐದನೇ ವರ್ಗ 2³², ಆರನೇ ವರ್ಗ 2⁶⁴.

ಶ್ವೇತಾಂಬರ ಪರಂಪರೆಯ ಅನುಯೋಗದ್ವಾರ ಸೂತ್ರದಲ್ಲಿ ಮನುಷ್ಯರ ಸಂಖ್ಯೆಯನ್ನು ಎರಡು ರೀತಿಯಲ್ಲಿ ಹೇಳಿದೆ. ಎರಡರ ಐದನೇ ವರ್ಗದಿಂದ ಆರನೇ ವರ್ಗವನ್ನು ಗುಣಿಸಿದರೆ ಬರುವ ಸಂಖ್ಯೆ ಎಂಬುದು ಒಂದು ರೀತಿ. ತೊಂಬತ್ತಾರು ಸಲ ಅರ್ಧಿಸಬಹುದಾದ ಸಂಖ್ಯೆ ಎಂಬುದು ಇನ್ನೊಂದು. ಮೂವತ್ತೆರಡಕ್ಕೆ ಅರವತ್ನಾಲ್ಕು ಕೂಡಿಸಿದರೆ ತೊಂಬತ್ತಾರು. ಶಾಲೆಯ ಹಲಗೆಯ ಮೇಲೆ 2³² × 2⁶⁴ = 2⁹⁶ ಎಂದು ಬರೆದರೆ ಆ ಎರಡು ಹೇಳಿಕೆಗಳೂ ಸಮಚಿಹ್ನೆಯ ಎರಡು ಬದಿಯಲ್ಲಿ ಬಂದು ಕೂಡುತ್ತವೆ. ಬಿಡಿಸಿ ಬರೆದರೆ ಆ ಸಂಖ್ಯೆ 79228162514264337593543950336, ಸರಿಯಾಗಿ ಇಪ್ಪತ್ತೊಂಬತ್ತು ಸ್ಥಾನ. ಈ ಸಂಖ್ಯೆಯನ್ನು ಗುಣಿಸಿ ನೋಡಬೇಕಾದರೆ ಹಾಳೆ ತುಂಬುತ್ತದೆ. ಅರ್ಧಚ್ಛೇದವನ್ನು ಕೂಡಿಸಲು ಬೆರಳು ಸಾಕು. ನಿಯಮದ ಬಲ ಇಲ್ಲಿದೆ: ಕೈಗೆ ಸಿಗದಷ್ಟು ದೊಡ್ಡದರ ಬಗೆಗಿನ ಪ್ರಶ್ನೆಯನ್ನು ಅದು ಕೈಯಳತೆಯ ಪ್ರಶ್ನೆಯಾಗಿ ಮಾರ್ಪಡಿಸುತ್ತದೆ.

ವೀರಸೇನರು ಈ ಸಂಖ್ಯೆಯನ್ನು ಹೇಗೆ ಎದುರಿಸಿದರು ಎಂಬುದು ಇನ್ನೂ ಮುಖ್ಯ. ಮನುಷ್ಯರ ಸಂಖ್ಯೆ ಕೋಟಿಯನ್ನು ನಾಲ್ಕು ಸಲ ಗುಣಿಸಿದ್ದಕ್ಕಿಂತ ಕಡಿಮೆ ಎಂಬ ಮಾತೂ ಪರಂಪರೆಯಲ್ಲಿತ್ತು. ಕೋಟಿ ಎಂದರೆ 10⁷. ನಾಲ್ಕು ಕೋಟಿಗಳ ಗುಣಲಬ್ಧ ಏಳು ನಾಲ್ಕಲ ಇಪ್ಪತ್ತೆಂಟು, 10²⁸. ಅದೂ ಇಪ್ಪತ್ತೊಂಬತ್ತು ಸ್ಥಾನಗಳದ್ದೇ, ಆದರೆ 2⁹⁶ ಅದಕ್ಕಿಂತ ಸುಮಾರು ಎಂಟು ಪಟ್ಟು ದೊಡ್ಡದು. ವೀರಸೇನರು ತಮ್ಮ ಲೋಕವಿವರಣೆಯ ಪ್ರಕಾರ ಮನುಷ್ಯರು ಇರುವ ಕ್ಷೇತ್ರದ ವಿಸ್ತೀರ್ಣವನ್ನು ಲೆಕ್ಕ ಹಾಕಿ, ಅಷ್ಟೊಂದು ಮಂದಿ ಅಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ದೊಡ್ಡ ಸಂಖ್ಯೆ ಸರಿಯಲ್ಲ ಎಂದು ತೋರಿಸಿದರು. ಅವರ ಭೂಗೋಳ ನಮ್ಮದಲ್ಲ, ಆ ಜನಸಂಖ್ಯೆಗೂ ಇಂದಿನ ಗಣತಿಗೂ ಸಂಬಂಧವಿಲ್ಲ. ಆದರೆ ಹೇಳಿಕೆಯನ್ನು ಅಳತೆಯೊಂದಿಗೆ ಇಟ್ಟು ನೋಡುವ ಆ ಮನೋಭಾವ ಇಂದಿಗೂ ಎಷ್ಟೋ ತರಗತಿಗಳಿಗೆ ಬೇಕಾಗಿದೆ.

ಎಂಟು ಗಣಗಳು, ಹತ್ತು ಲಕ್ಷ ಪಾದಗಳು

ಕನ್ನಡ ಓದಿದ ಎಲ್ಲರಿಗೂ ಈ ಲೆಕ್ಕ ಇನ್ನೊಂದು ಬಾಗಿಲಿನಿಂದ ಪರಿಚಿತ. ಗುರು, ಲಘು ಎಂದು ಅಕ್ಷರ ಎರಡು ಬಗೆ. ಮೂರು ಅಕ್ಷರಗಳ ಗಣ ಎಂದರೆ 2³, ಎಂಟು ಗಣಗಳು. ಯ, ಮ, ತ, ರ, ಜ, ಭ, ನ, ಸ ಎಂದು ಪ್ರೌಢಶಾಲೆಯಲ್ಲಿ ಒಪ್ಪಿಸಿದ್ದು ಅವನ್ನೇ. ಎರಡು ಗಣ ಸೇರಿದ ಆರು ಅಕ್ಷರಗಳ ಪಾದ ಎಷ್ಟು ಬಗೆ? ಮೊದಲ ಗಣ ಎಂಟರಲ್ಲಿ ಒಂದು, ಎರಡನೆಯದು ಎಂಟರಲ್ಲಿ ಒಂದು, ಒಟ್ಟು ಅರವತ್ನಾಲ್ಕು. ಅಕ್ಷರಗಳನ್ನು ಎಣಿಸಿದರೆ ಮೂರು ಮತ್ತು ಮೂರು ಆರು: 2³ × 2³ = 2⁶. ಪಾದಗಳನ್ನು ಒಂದರ ಮುಂದೊಂದು ಇಟ್ಟಾಗ ಅಕ್ಷರಗಳು ಕೂಡುತ್ತವೆ, ಸಾಧ್ಯತೆಗಳು ಗುಣಿಸಿಕೊಳ್ಳುತ್ತವೆ. ಪಾದಕ್ಕೆ ಇಪ್ಪತ್ತು ಅಕ್ಷರವಿರುವ ಉತ್ಪಲಮಾಲೆಯು 2²⁰, ಎಂದರೆ 10,48,576 ಸಾಧ್ಯ ವಿನ್ಯಾಸಗಳಲ್ಲಿ ಒಂದು. ನಮ್ಮ ಚಂಪೂ ಕವಿಗಳು ಅಷ್ಟರಲ್ಲಿ ಇದನ್ನು ಆರಿಸಿ ಇಷ್ಟಪಟ್ಟರು ಎನ್ನುವಾಗ ಆಯ್ಕೆಯ ಬೆಲೆ ಬೇರೆಯಾಗಿ ಕಾಣುತ್ತದೆ. ಕನ್ನಡ ಉಪಾಧ್ಯಾಯರೂ ಗಣಿತ ಉಪಾಧ್ಯಾಯರೂ ಒಂದೇ ವಾರದಲ್ಲಿ ಒಂದೇ ಹಲಗೆಯ ಮೇಲೆ ಇದನ್ನು ಬರೆದರೆ ಎರಡೂ ಪಾಠಗಳು ಹಗುರಾಗುತ್ತವೆ.

ಛಂದಸ್ಸಿನ ಈ ಎಣಿಕೆಗೆ ಪಿಂಗಲ ಹೇಳಿದ ಒಂದು ಕಿರುದಾರಿಯಿದೆ. ಅಮೋಘವರ್ಷನನ್ನು ಸ್ತುತಿಸಿ, ಸುಮಾರು 850ರಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು ಅದನ್ನು ಯಾವ ಆಧಾರಕ್ಕಾದರೂ ಅನ್ವಯಿಸುವಂತೆ ಕೊಡುತ್ತಾರೆ. ಘಾತಾಂಕ ಸಮಸಂಖ್ಯೆಯಾದರೆ ಅರ್ಧ ಮಾಡಿ ಸೊನ್ನೆ ಗುರುತು ಹಾಕು, ಬೆಸವಾದರೆ ಒಂದು ಕಳೆದು ಒಂದರ ಗುರುತು ಹಾಕು. ಮುಗಿದ ಮೇಲೆ ಗುರುತುಗಳನ್ನು ಕೊನೆಯಿಂದ ಓದುತ್ತಾ, ಒಂದು ಕಂಡಲ್ಲಿ ಆಧಾರದಿಂದ ಗುಣಿಸು, ಸೊನ್ನೆ ಕಂಡಲ್ಲಿ ವರ್ಗ ಮಾಡು. 2¹² ಬೇಕು ಎನ್ನಿ. ಹನ್ನೆರಡು, ಆರು, ಮೂರು, ಎರಡು, ಒಂದು, ಸೊನ್ನೆ ಎಂದು ಇಳಿದೆವು. ಏರುವಾಗ ಒಂದರಿಂದ ಹೊರಟು 2, 4, 8, 64, 4096. ಹನ್ನೆರಡು ಸಲ ಗುಣಿಸುವ ಬದಲು ಐದೇ ಹೆಜ್ಜೆ. ಇದು ನಡೆಯುವುದು 2⁶ × 2⁶ = 2¹² ಎಂಬ ಒಂದೇ ನಂಬಿಕೆಯ ಮೇಲೆ. ಇಂದು ಬ್ಯಾಂಕಿನ ವ್ಯವಹಾರವನ್ನು ಕಾಯುವ ಗುಪ್ತಲಿಪಿಗಳಲ್ಲಿ ನೂರಾರು ಅಂಕಿಗಳ ಘಾತಾಂಕವನ್ನು ಕಂಪ್ಯೂಟರ್ ಲೆಕ್ಕ ಹಾಕುವುದೂ ಇದೇ ಕ್ರಮದಿಂದ. ಮಹಾವೀರಾಚಾರ್ಯರ ಈ ಗ್ರಂಥ ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಹೊಯ್ಸಳರ ಕಾಲದ ರಾಜಾದಿತ್ಯನಂತೂ 12ನೇ ಶತಮಾನದಲ್ಲೇ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದ. ಗಣಿತಕ್ಕೆ ಕನ್ನಡ ಒಗ್ಗುವುದಿಲ್ಲ ಎನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ.

ಆಧಾರ ಒಂದೇ ಇರಬೇಕು ಎಂಬ ಷರತ್ತು

ಸೂತ್ರದ ಅರ್ಧ ಭಾಗವನ್ನು ಮಾತ್ರ ನೆನಪಿಟ್ಟುಕೊಂಡವರು ಎಡವುವುದು ಇಲ್ಲಿ. ಗದಗ ಜಿಲ್ಲೆಯ ಡಂಬಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡಬಸಪ್ಪ ದೇವಾಲಯವಿದೆ. ಅದರ ನಕ್ಷತ್ರಕ್ಕೆ ಇಪ್ಪತ್ತನಾಲ್ಕು ಮೊನೆ. ಇಪ್ಪತ್ತನಾಲ್ಕನ್ನು ಅರ್ಧಿಸುತ್ತಾ ಹೋಗಿ: ಹನ್ನೆರಡು, ಆರು, ಮೂರು. ಅಲ್ಲಿ ನಿಂತಿತು. ಚೌಕದ ಮೂಲೆಗಳ ನಡುವಿನ ತೊಂಬತ್ತು ಡಿಗ್ರಿಯನ್ನು ಆರು ಪಾಲು ಮಾಡಬೇಕಾದ್ದರಿಂದ ಬರೀ ಅರ್ಧಿಸುವ ಕೆಲಸ ಸಾಲದು, ಮೂರು ಪಾಲು ಮಾಡುವ ಇನ್ನೊಂದು ಕೆಲಸವೂ ಬೇಕು. 24 = 2³ × 3¹. ಇಲ್ಲಿ ಮೂರು ಮತ್ತು ಒಂದನ್ನು ಕೂಡಿಸಿ ನಾಲ್ಕು ಎಂದರೆ ಆ ನಾಲ್ಕು ಯಾವ ಕೆಲಸದ ಎಣಿಕೆ? ಎರಡು ಬಗೆಯ ಕೆಲಸಗಳನ್ನು ಒಂದೇ ಪಟ್ಟಿಯಲ್ಲಿ ಬರೆದರೆ ಲೆಕ್ಕ ಹೇಳಬಹುದು, ಅರ್ಥ ಸಿಗುವುದಿಲ್ಲ. ಆಧಾರ ಒಂದೇ ಇರಬೇಕು ಎಂಬ ಷರತ್ತನ್ನು ಪಠ್ಯಪುಸ್ತಕ ಆಜ್ಞೆಯಂತೆ ಹೇಳುತ್ತದೆ. ಎಣಿಕೆಯ ದೃಷ್ಟಿಯಲ್ಲಿ ಅದು ಸಾಮಾನ್ಯ ವಿವೇಕ.

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕಾಣುವ ಉಳಿದ ತಪ್ಪುಗಳೂ ಹೀಗೆಯೇ ಬಿಡಿಸಿಕೊಳ್ಳುತ್ತವೆ. 2³ × 2⁴ ಎಂದರೆ 4⁷ ಎಂದು ಬರೆದ ಮಗು ಆಧಾರವನ್ನೂ ಗುಣಿಸಿದೆ. ಅರ್ಧಿಸುತ್ತಿದ್ದವರು ದಿಢೀರನೆ ಕಾಲುಪಾಲು ಮಾಡಲು ಶುರು ಮಾಡಿದರೆಂದು ಆಯಿತು. 2¹² ಎಂದು ಬರೆದ ಮಗು ಸಲಗಳನ್ನು ಗುಣಿಸಿದೆ. ಹಾಗೆ ಮಾಡುವುದು ಮೂರು ಸಲದ ಕೆಲಸವನ್ನು ನಾಲ್ಕು ಬಾರಿ ಪೂರ್ತಿಯಾಗಿ ಮಾಡಿದಾಗ, ಎಂದರೆ 2³ ಅನ್ನು ನಾಲ್ಕು ಸಲ ಗುಣಿಸಿದಾಗ ಸರಿ. 2³ + 2⁴ ಅನ್ನು 2⁷ ಎಂದ ಮಗುವಿಗೆ ಎಂಟು ಮತ್ತು ಹದಿನಾರನ್ನು ಕೂಡಿಸಲು ಹೇಳಿ. ಇಪ್ಪತ್ತನಾಲ್ಕು, ಡಂಬಳದ ಸಂಖ್ಯೆ! ಎರಡರ ಘಾತಗಳನ್ನು ಕೂಡಿಸಿದ್ದಕ್ಕೆ ಮೂರು ಬಂದು ಸೇರಿತು. ಘಾತಗಳ ಸಂಕಲನಕ್ಕೆ ಇಂಥ ಸುಲಭದ ನಿಯಮವಿಲ್ಲ ಎಂಬುದನ್ನು ಈ ಒಂದು ಉದಾಹರಣೆ ಮನಸ್ಸಿನಲ್ಲಿ ನೆಡುತ್ತದೆ.

ಆಕ್ಷೇಪಗಳು

ಈ ವಾದಕ್ಕೆ ಮೂರು ಕಡೆಯಿಂದ ವಿರೋಧ ಬರಬಹುದು. ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎನ್ನುವ ಹಳೆಯ ಹೆಮ್ಮೆಯ ಇನ್ನೊಂದು ರೂಪ ಇದು ಎಂಬುದು ಒಂದು. ಹಾಗಲ್ಲ. ವೀರಸೇನರಿಗಿಂತ ಸಾವಿರ ವರ್ಷ ಮೊದಲು, ಕ್ರಿ.ಪೂ. 3ನೇ ಶತಮಾನದಲ್ಲಿ, ವಿಶ್ವವನ್ನು ತುಂಬುವ ಮರಳಿನ ಕಣಗಳನ್ನು ಎಣಿಸಲು ಹೊರಟ ಆರ್ಕಿಮಿಡೀಸ್ ಇದೇ ನಿಯಮವನ್ನು ಬಳಸಿದ್ದ. ಜರ್ಮನಿಯ ಮೈಕೇಲ್ ಸ್ಟಿಫೆಲ್ 1544ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಂ ಕೋಷ್ಟಕಗಳನ್ನು ಪ್ರಕಟಿಸಿ ಖಗೋಳಜ್ಞರ ಗುಣಾಕಾರದ ಶ್ರಮವನ್ನು ಸಂಕಲನಕ್ಕೆ ಇಳಿಸಿದ. ಅಂಕಿಯನ್ನು ತಲೆಯ ಮೇಲೆ ಪುಟ್ಟದಾಗಿ ಬರೆಯುವ ಈಗಿನ ಪದ್ಧತಿ 1637ರಲ್ಲಿ ಡೆಕಾರ್ಟೆಯ ಜ್ಯಾಮಿತಿ ಗ್ರಂಥದಿಂದ ಬಳಕೆಗೆ ಬಂತು. ಮರಳಿನ ಕಣ, ಜೀವಗಳ ಸಂಖ್ಯೆ, ಗ್ರಹಗಳ ದೂರ ಎಂದು ಬೇರೆ ಬೇರೆ ಕಾರಣಗಳಿಗೆ ದೊಡ್ಡ ಸಂಖ್ಯೆಗಳ ಎದುರು ನಿಂತವರೆಲ್ಲ ಇದೇ ನಿಯಮಕ್ಕೆ ಬಂದು ಮುಟ್ಟಿದರು. ಇದರಿಂದ ನಮ್ಮ ಪಾಠ ಚಿಕ್ಕದಾಗುವುದಿಲ್ಲ. ಎಣಿಸುವವರೆಲ್ಲರಿಗೂ ಇದು ಸಿಗುತ್ತದೆ ಎಂಬ ಮಾತಿಗೆ ಮತ್ತಷ್ಟು ಬಲ ಬರುತ್ತದೆ.

ಎಣಿಕೆಯ ವಿವರಣೆ ಪೂರ್ಣಾಂಕಗಳಿಗೆ ಮಾತ್ರ ಸಲ್ಲುತ್ತದೆ, ಅರ್ಧ ಸಲ ಯಾರೂ ಏನನ್ನೂ ಮಾಡಲಾರರು ಎಂಬುದು ಎರಡನೆಯದು, ಮೂರರಲ್ಲಿ ತೂಕವಾದದ್ದು. ಉತ್ತರ ಮತ್ತೆ ಚೌಕದಲ್ಲೇ ಸಿಗುತ್ತದೆ. ಒಂದು ಚೌಕದ ಕರ್ಣವನ್ನೇ ಬಾಹುವಾಗಿ ಇಟ್ಟು ಇನ್ನೊಂದು ಚೌಕ ಕಟ್ಟಿದರೆ ಅದರ ವಿಸ್ತೀರ್ಣ ಮೊದಲಿನದರ ಇಮ್ಮಡಿ. ಶುಲ್ಬಸೂತ್ರಗಳ ಕಾಲದಿಂದ ಇದು ತಿಳಿದ ವಿಷಯ. ಆ ಹೊಸ ಚೌಕದ ಕರ್ಣದ ಮೇಲೆ ಮತ್ತೊಂದು ಕಟ್ಟಿದರೆ ಬಾಹು ಮೊದಲಿನ ಬಾಹುವಿನ ಸರಿಯಾಗಿ ಎರಡರಷ್ಟು. ಎರಡು ಹೆಜ್ಜೆಗೆ ಬಾಹು ಒಂದು ಸಲ ಇಮ್ಮಡಿಯಾಯಿತು ಎಂದರೆ ಒಂದು ಹೆಜ್ಜೆಗೆ ಅರ್ಧ ಸಲ ಇಮ್ಮಡಿಯಾಗಿದೆ. ಆ ಅರ್ಧ ಸಲದ ಅಳತೆಯೇ ಎರಡರ ವರ್ಗಮೂಲ. ಅರ್ಧಕ್ಕೆ ಅರ್ಧ ಕೂಡಿ ಒಂದಾಗಬೇಕು ಎಂಬ ಹಠವನ್ನು ಬಿಡದೆ ಹೋದರೆ ಭಿನ್ನರಾಶಿಯ ಘಾತಾಂಕಕ್ಕೂ ಅರ್ಥ ಹುಟ್ಟುತ್ತದೆ. ಎಣಿಕೆ ಇಲ್ಲಿ ಕೈಬಿಡಲಿಲ್ಲ, ಹಿಗ್ಗಿತು.

ಪಾಠದ ಅವಧಿ ನಲವತ್ತು ನಿಮಿಷ, ಮುಗಿಸಬೇಕಾದ ಲೆಕ್ಕ ನೂರು, ಗರಿಗಳ ಕಥೆಗೆ ಎಲ್ಲಿದೆ ಸಮಯ ಎಂಬುದು ಮೂರನೆಯದು. ಗ್ರಾಮೀಣ ಶಾಲೆಯ ಉಪಾಧ್ಯಾಯರ ಹೊರೆ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕೇಳುತ್ತಿರುವುದು ಕಥೆಯ ಸಮಯವನ್ನಲ್ಲ, ಕ್ರಮದ ಬದಲಾವಣೆಯನ್ನು. ಮೊದಲ ಹತ್ತು ನಿಮಿಷ ಮಕ್ಕಳು ಸಂಖ್ಯೆಗಳನ್ನು ಅರ್ಧಿಸಿ ಎಣಿಸಲಿ. 4, 8, 32, 64 ಇವುಗಳ ಅರ್ಧಚ್ಛೇದ ಬರೆಯಲಿ, ಎರಡೆರಡನ್ನು ಗುಣಿಸಿ ಮತ್ತೆ ಅರ್ಧಿಸಲಿ. ನಿಯಮವನ್ನು ಅವರೇ ಹೇಳುತ್ತಾರೆ. ಆಮೇಲೆ ಹಲಗೆಯ ಮೇಲೆ ಬರೆಯುವುದು ಅವರು ಹೇಳಿದ್ದನ್ನೇ. ಬಾಯಿಪಾಠದ ಸೂತ್ರ ಮರೆತ ದಿನ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎಣಿಸಿ ಕಂಡುಕೊಂಡದ್ದು ಮರೆತರೆ ಮತ್ತೆ ಎಣಿಸಬಹುದು. ಮುಂದಿನ ವರ್ಷಗಳಲ್ಲಿ ಪುನರಾವರ್ತನೆಗೆ ಹೋಗುವ ಸಮಯದ ಎದುರು ಈ ಹತ್ತು ನಿಮಿಷ ದೊಡ್ಡದಲ್ಲ.

ಜೇಬಿನಲ್ಲಿರುವ ಐದನೇ ವರ್ಗ

ಈ ಘಾತಗಳು ಇಂದು ಎಲ್ಲಿವೆ ಎಂದು ಕೇಳುವ ಮಗುವಿಗೆ ಮೊಬೈಲ್ ತೋರಿಸಿದರೆ ಸಾಕು. 1,024 ಎಂದರೆ 2¹⁰. ಕಂಪ್ಯೂಟರ್ ನೆನಪಿನ ಲೆಕ್ಕದಲ್ಲಿ ಅಷ್ಟು ಬೈಟ್‌ಗಳು ಒಂದು ಕೆಬಿ, ಅಷ್ಟು ಕೆಬಿಗಳು ಒಂದು ಎಂಬಿ, ಅಷ್ಟು ಎಂಬಿಗಳು ಒಂದು ಜಿಬಿ. ಹತ್ತು, ಇಪ್ಪತ್ತು, ಮೂವತ್ತು ಎಂದು ಘಾತಾಂಕ ಕೂಡುತ್ತಾ ಹೋಗುತ್ತದೆ. ನಾಲ್ಕು ಜಿಬಿ ಎಂದರೆ 2² × 2³⁰ = 2³², ಜೈನರ ಐದನೇ ವರ್ಗ. ಮೂವತ್ತೆರಡು ಬಿಟ್‌ಗಳ ವಿಳಾಸದಿಂದ ಅದಕ್ಕಿಂತ ಹೆಚ್ಚು ಬೈಟ್‌ಗಳನ್ನು ಗುರುತಿಸಲು ಆಗದಿದ್ದುದೇ ಹಳೆಯ ಕಂಪ್ಯೂಟರ್‌ಗಳ ನೆನಪಿನ ಮಿತಿಗೆ ಕಾರಣ. ಅಂತರ್ಜಾಲದ ಹಳೆಯ ಐಪಿ ವಿಳಾಸಗಳ ಒಟ್ಟು ಸಂಖ್ಯೆಯೂ ಅದೇ, ಸುಮಾರು 429 ಕೋಟಿ. ಅವು ಸಾಲದೆ ಬಂದಾಗ ಮುಂದಿನ ಪದ್ಧತಿ ರೂಪಿಸಿದವರು 2¹²⁸ಕ್ಕೆ ಹೋದರು. ಆ ವಿಳಾಸವನ್ನು ಸಾಮಾನ್ಯವಾಗಿ ಎರಡು ಸಮಭಾಗ ಮಾಡುತ್ತಾರೆ: ಜಾಲವನ್ನು ಹೇಳಲು ಅರವತ್ನಾಲ್ಕು ಬಿಟ್, ಆ ಜಾಲದೊಳಗಿನ ಯಂತ್ರವನ್ನು ಹೇಳಲು ಅರವತ್ನಾಲ್ಕು ಬಿಟ್. ಆರನೇ ವರ್ಗವನ್ನು ಅದರಿಂದಲೇ ಗುಣಿಸಿದರೆ ಏಳನೇ ವರ್ಗ, 2⁶⁴ × 2⁶⁴ = 2¹²⁸.

ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆ, ದೊಡ್ಡವರನ್ನೂ ತಬ್ಬಿಬ್ಬು ಮಾಡುವಂಥದ್ದು: 2⁰ ಸೊನ್ನೆಯಾಗದೆ ಒಂದು ಆಗುವುದೇಕೆ? ಅರ್ಧಚ್ಛೇದದ ಎಣಿಕೆಯಲ್ಲಿ ಇದಕ್ಕೆ ತಡವರಿಸಬೇಕಿಲ್ಲ. ಒಂದು ಉಳಿಯುವ ತನಕ ಅರ್ಧಿಸು ಎಂಬುದು ನಿಯಮ. ಒಂದು ಆಗಲೇ ಒಂದಾಗಿರುವುದರಿಂದ ಅರ್ಧಿಸುವ ಕೆಲಸ ಸೊನ್ನೆ ಸಲ. ಅಲ್ಲಿಗೇ ನಿಲ್ಲದೆ ಒಂದನ್ನೂ ಅರ್ಧಿಸಿದರೆ ಅರೆ, ಮತ್ತೆ ಅರ್ಧಿಸಿದರೆ ಕಾಲು, ಆಮೇಲೆ ಅರೆಕಾಲು. ಇವು 2⁻¹, 2⁻², 2⁻³. ಅರೆಕಾಲನ್ನು ಎಂಟರಿಂದ ಗುಣಿಸಿದರೆ ಒಂದು: 2⁻³ × 2³ = 2⁰. ಋಣ ಘಾತಾಂಕಕ್ಕೆ ಬೇರೆ ಸೂತ್ರ ಕಲಿಸುವ ಅಗತ್ಯ ಬೀಳಲಿಲ್ಲ, ಅದೇ ಕೂಡುವ ಲೆಕ್ಕ ಸೊನ್ನೆಯನ್ನು ದಾಟಿ ಆಚೆಗೂ ನಡೆಯಿತು. ಎಂಟನೇ ತರಗತಿಯಲ್ಲಿ ಋಣ ಘಾತಾಂಕಗಳನ್ನು ಕಲಿಸುವ ದಿನ ಕೂಡುವ ಸೂತ್ರವನ್ನು ಮತ್ತೊಮ್ಮೆ ಬರೆಸುವ ಮೊದಲು, ಅರೆ, ಕಾಲು, ಅರೆಕಾಲುಗಳಿಂದ ಹಿಡಿದು ಒಂದು, ಎರಡು, ನಾಲ್ಕು, ಎಂಟರವರೆಗೆ ಒಂದೇ ಸಾಲಿನಲ್ಲಿ ಬರೆಸಿ, ಕೆಳಗೆ −3ರಿಂದ 3ರವರೆಗಿನ ಅಂಕಿಗಳನ್ನು ಮಕ್ಕಳಿಂದಲೇ ತುಂಬಿಸಬೇಕು.